ಭಾವನಗರದ ಒಂದೇ ಒಂದು ಟರ್ಮು

ಪಠ್ಯಪುಸ್ತಕಗಳಲ್ಲಿ ಗಾಂಧೀಜಿಯವರು ರಾಜಕೋಟೆಯ ಶಾಲೆಯಿಂದ ನೇರವಾಗಿ ಲಂಡನ್ನಿನ ಹಡಗು ಹತ್ತಿಬಿಡುತ್ತಾರೆ. ನಡುವೆ ಭಾವನಗರ ಎಂಬ ಊರೊಂದಿದೆ. ಅದನ್ನು ಯಾರೂ ಹೇಳುವುದಿಲ್ಲ. ಪರೀಕ್ಷೆಯಲ್ಲಿ ಅದರ ಮೇಲೆ ಪ್ರಶ್ನೆಯೂ ಬರುವುದಿಲ್ಲ. ನನಗೆ ಮಾತ್ರ ಅವರ ವಿದ್ಯಾರ್ಥಿಜೀವನದಲ್ಲಿ ಅತ್ಯಂತ ಪ್ರಿಯವಾದ ಭಾಗವೆಂದರೆ ಅದೇ.

1887ರಲ್ಲಿ ಮೋಹನದಾಸರು ಮೆಟ್ರಿಕ್ಯುಲೇಷನ್ ತೇರ್ಗಡೆಯಾದರು. ತಂದೆ ಕರಮಚಂದರು ತೀರಿಹೋಗಿ ಎರಡು ವರ್ಷವಾಗಿತ್ತು. ಮುಂದೆ ಓದಲು ಎರಡು ದಾರಿ: ಮುಂಬಯಿ ಅಥವಾ ಭಾವನಗರ. ಮುಂಬಯಿಯ ಖರ್ಚು ಹೆಚ್ಚು. ಆದ್ದರಿಂದ 1888ರ ಆರಂಭದಲ್ಲಿ ಭಾವನಗರದ ಸಾಮಳದಾಸ್ ಕಾಲೇಜು. ಹುಡುಗನಿಗೆ ಹದಿನೆಂಟು ವರ್ಷ. ಮದುವೆಯಾಗಿ ಆಗಲೇ ಕೆಲವು ವರ್ಷಗಳು ಕಳೆದಿದ್ದವು. ಶಾಲೆಯಲ್ಲಿದ್ದಾಗ ಯಾರಾದರೂ ಮಾತನಾಡಿಸಿಯಾರೆಂದು ಗಂಟೆ ಹೊಡೆದೊಡನೆ ಮನೆಗೆ ಓಡುತ್ತಿದ್ದವನು ಈಗ ಮನೆಯೇ ಇಲ್ಲದ ಊರಿಗೆ ಬಂದಿದ್ದನು.

ಕಾಲೇಜಿನಲ್ಲಿ ಏನಾಯಿತು? ಏನೂ ಅರ್ಥವಾಗಲಿಲ್ಲ. ಅಧ್ಯಾಪಕರ ಉಪನ್ಯಾಸಗಳಲ್ಲಿ ಆಸಕ್ತಿ ಹುಟ್ಟುವುದಿರಲಿ, ಅವುಗಳನ್ನು ಹಿಂಬಾಲಿಸುವುದೇ ಅಸಾಧ್ಯವಾಯಿತೆಂದು ಅವರು ಆತ್ಮಕಥೆಯಲ್ಲಿ ಬರೆದಿದ್ದಾರೆ. ಅದು ಅಧ್ಯಾಪಕರ ತಪ್ಪಲ್ಲ, ಅವರು ಒಳ್ಳೆಯ ವಿದ್ವಾಂಸರೇ, ತಾನೇ ಇನ್ನೂ ಕಾಯಿಯಾಗಿದ್ದೆ ಎಂಬುದು ಅವರ ವಿವರಣೆ. ಮೊದಲ ಟರ್ಮು ಮುಗಿಯುತ್ತಲೇ ಊರಿಗೆ ಹಿಂದಿರುಗಿದರು. ಮತ್ತೆ ಹೋಗಲಿಲ್ಲ.

ಈ ಒಂದು ವಿಷಯದಲ್ಲಿ ನಾನು ಗಾಂಧೀಜಿಯವರ ಮಾತನ್ನು ಪೂರ್ತಿ ಒಪ್ಪಲಾರೆ. ತಪ್ಪನ್ನೆಲ್ಲ ತಮ್ಮ ತಲೆಯ ಮೇಲೆಯೇ ಹಾಕಿಕೊಳ್ಳುವುದು ಅವರ ಸ್ವಭಾವ. ಆದರೆ ಹೈಸ್ಕೂಲಿನ ನಾಲ್ಕನೆಯ ತರಗತಿಯಿಂದ ಪಾಠಗಳು ಇಂಗ್ಲಿಷಿಗೆ ತಿರುಗಿದಾಗ ರೇಖಾಗಣಿತ ತಲೆಗೆ ಹತ್ತದೆ ಕಂಗಾಲಾದದ್ದನ್ನೂ ಅವರೇ ಹೇಳಿದ್ದಾರೆ. ಅಂಥ ಹುಡುಗ ಗಂಟೆಗಟ್ಟಲೆ ಇಂಗ್ಲಿಷ್ ಉಪನ್ಯಾಸ ಕೇಳಿ, ಅರ್ಥವಾಗದ್ದನ್ನು ಎದ್ದು ನಿಂತು ಕೇಳಬೇಕು! ನಾಚಿಕೆಯ ಹುಡುಗನಿಗೆ ಅದು ಹೇಗೆ ಸಾಧ್ಯ? ಕನ್ನಡ ಮಾಧ್ಯಮದಿಂದ ಪಟ್ಟಣದ ಕಾಲೇಜಿಗೆ ಹೋದವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ನಾನೂ ಹಾಗೆ ಹೋದವನೇ. ಮೊದಲ ಕೆಲವು ತಿಂಗಳು ಹಾಜರಿಗೆ ‘ಪ್ರೆಸೆಂಟ್ ಸರ್’ ಎನ್ನುವುದೇ ನನ್ನ ದಿನದ ಭಾಷಣವಾಗಿತ್ತು.

ರಜೆಯಲ್ಲಿ ಮನೆಗೆ ಬಂದಾಗ ಕುಟುಂಬದ ಹಿತೈಷಿ ಮಾವಜಿ ದವೆಯವರು ಲೆಕ್ಕ ಹಾಕಿ ತೋರಿಸಿದರು: ಬಿ.ಎ. ಮುಗಿಸಲು ನಾಲ್ಕೈದು ವರ್ಷ, ಆಮೇಲೆ ಸಿಗುವುದು ಅರವತ್ತು ರೂಪಾಯಿಯ ಕೆಲಸ. ಬ್ಯಾರಿಸ್ಟರಿಗೆ ಮೂರೇ ವರ್ಷ. ಭಾವನಗರ ತಪ್ಪುವುದಾದರೆ ಸಾಕೆಂದಿದ್ದ ಹುಡುಗ ಹಾರಿ ಒಪ್ಪಿದ. ಇನ್ನೂರು ಕಿಲೋಮೀಟರಿನೊಳಗಿನ ಊರಿನಲ್ಲಿ ನಿಲ್ಲಲಾಗದವನು ಏಳು ಸಮುದ್ರ ದಾಟಲು ಸಿದ್ಧನಾದ ವಿಚಿತ್ರವನ್ನು ನೋಡಿ!

1888ರ ಸೆಪ್ಟೆಂಬರ್ 4ರಂದು ಹಡಗು ಮುಂಬಯಿ ಬಿಟ್ಟಿತು. ನಾಚಿಕೆಯೂ ಜೊತೆಗೇ ಹೊರಟಿತು. ಮುಳ್ಳುಚಮಚ ಹಿಡಿಯಲು ಬಾರದು; ಯಾವುದರಲ್ಲಿ ಮಾಂಸವಿಲ್ಲವೆಂದು ಕೇಳಲು ಬಾಯಿ ಬಾರದು. ಮನೆಯಿಂದ ತಂದ ಸಿಹಿತಿಂಡಿ, ಹಣ್ಣುಗಳನ್ನು ಕ್ಯಾಬಿನ್ನಿನಲ್ಲಿಯೇ ಕುಳಿತು ತಿನ್ನುತ್ತಿದ್ದರು. ಲಂಡನ್ನಿನಲ್ಲಿ ರಾತ್ರಿಗಳು ಕಣ್ಣೀರಿನಲ್ಲಿ ಕಳೆದವು. ಮಾಂಸ ಮುಟ್ಟುವುದಿಲ್ಲವೆಂದು ತಾಯಿಗೆ ಕೊಟ್ಟ ಮಾತು ಬೇರೆ. ಊಟಕ್ಕೆ ಕುಳಿತರೆ ಎರಡು ಮೂರು ತುಂಡು ಬ್ರೆಡ್ಡಿನ ಮೇಲೆ ಇನ್ನೊಂದು ಕೇಳಲು ಸಂಕೋಚ. ಒಳ್ಳೆಯ ಹಸಿವಿನ ಪ್ರಾಯ. ಅರ್ಧ ಹೊಟ್ಟೆಯಲ್ಲೇ ಏಳುತ್ತಿದ್ದರು. ಮುಂದೆ ಒಂದು ಮನೆಯಲ್ಲಿ ಒಡತಿಯ ಹೆಣ್ಣುಮಕ್ಕಳು ತಾವಾಗಿಯೇ ಒತ್ತಾಯಿಸಿ ಇನ್ನೊಂದೆರಡು ತುಂಡು ಬಡಿಸುತ್ತಿದ್ದರಂತೆ. ಇಷ್ಟೊಂದು ವರ್ಷಗಳ ಮೇಲೆ ಅದನ್ನು ನೆನಪಿಟ್ಟು ಬರೆದಿದ್ದಾರೆಂದರೆ ಆ ಬ್ರೆಡ್ಡಿನ ತುಂಡಿನ ಬೆಲೆ ಎಷ್ಟಿರಬೇಕು!

ನವೆಂಬರ್ 6ರಂದು ಇನ್ನರ್ ಟೆಂಪಲ್ಲಿಗೆ ಸೇರಿದರು. ಅಲ್ಲಿಯ ಪದ್ಧತಿ ಸ್ವಾರಸ್ಯಕರ. ಪರೀಕ್ಷೆಗಳ ಜೊತೆಗೆ ಹನ್ನೆರಡು ಟರ್ಮುಗಳಲ್ಲಿ ಒಂದೊಂದಕ್ಕೂ ಕನಿಷ್ಠ ಆರು ಔತಣಗಳಿಗೆ ಹಾಜರಾಗಬೇಕು. ನಾಲ್ವರ ಗುಂಪಿಗೆ ಎರಡು ಬಾಟಲಿ ವೈನು. ಕುಡಿಯದ ಗಾಂಧಿಯನ್ನು ತಮ್ಮ ಗುಂಪಿಗೆ ಸೇರಿಸಿಕೊಳ್ಳಲು ಎಲ್ಲರಿಗೂ ಆತುರ; ಉಳಿದ ಮೂವರಿಗೆ ಎರಡು ಬಾಟಲಿ ಉಳಿಯುತ್ತಿತ್ತಲ್ಲ! ಮಾತನಾಡದವನಿಗೂ ಹೀಗೆ ಸ್ನೇಹಿತರು ಸಿಗುತ್ತಾರೆ.

ಎಲ್ಲರಂತಾಗುವ ಪ್ರಯತ್ನವೂ ನಡೆಯಿತು. ಹತ್ತೊಂಬತ್ತು ಷಿಲ್ಲಿಂಗಿನ ಎತ್ತರದ ಟೋಪಿ, ಹತ್ತು ಪೌಂಡಿನ ಉಡುಪು, ನೃತ್ಯದ ಪಾಠ, ಪಿಟೀಲು, ಭಾಷಣಕಲೆ. ಸುಮಾರು ಮೂರು ತಿಂಗಳಲ್ಲಿ ಇವು ಬಿಟ್ಟುಹೋದವು. ಉಡುಪಿನ ಅಚ್ಚುಕಟ್ಟು ಮಾತ್ರ ಹಲವು ವರ್ಷ ಉಳಿಯಿತು. ನಿಜವಾಗಿ ಕೈಹಿಡಿದದ್ದು ಬೇರೆ. ದಿನಕ್ಕೆ ಹತ್ತು ಹನ್ನೆರಡು ಮೈಲಿ ನಡೆದು ಊಟದ ಮನೆ ಹುಡುಕುತ್ತಿದ್ದಾಗ ಫ್ಯಾರಿಂಗ್‌ಡನ್ ಬೀದಿಯಲ್ಲಿ ಸಸ್ಯಾಹಾರದ ಹೋಟೆಲೊಂದು ಸಿಕ್ಕಿತು. ಬಾಗಿಲಲ್ಲೇ ಹೆನ್ರಿ ಸಾಲ್ಟರ ಪುಸ್ತಕ ಮಾರಾಟಕ್ಕಿತ್ತು. ಒಂದು ಷಿಲ್ಲಿಂಗ್ ಕೊಟ್ಟು ಕೊಂಡು ಒಳಗೆ ಹೋದರು. ಇಂಗ್ಲೆಂಡಿಗೆ ಬಂದ ಮೇಲೆ ಹೊಟ್ಟೆ ತುಂಬಿದ ಮೊದಲ ಊಟ ಅದು. ಆ ಪುಸ್ತಕ, ಆ ಊಟದಿಂದ ಕ್ರಮೇಣ ಒಂದು ಸಂಘ, ಕೆಲವರು ಸಮಾನಮನಸ್ಕರು ದೊರೆತರು.

ಮಾತು ಮಾತ್ರ ಬರಲಿಲ್ಲ. ಸಸ್ಯಾಹಾರಿ ಸಂಘದ ಕಾರ್ಯಕಾರಿ ಸಮಿತಿಯಲ್ಲಿ ಡಾ. ಅಲಿನ್ಸನ್ ಎಂಬ ಸದಸ್ಯರನ್ನು, ಸಂತಾನ ನಿಯಂತ್ರಣದ ಬಗ್ಗೆ ಅವರಿಗಿದ್ದ ಅಭಿಪ್ರಾಯಕ್ಕಾಗಿ ಹೊರಹಾಕಲು ಹೊರಟಾಗ, ಗಾಂಧಿ ಆ ಅಭಿಪ್ರಾಯವನ್ನು ಒಪ್ಪದಿದ್ದರೂ ಅವರ ಪರ ನಿಂತರು. ನಿಂತರು ಎಂದರೆ, ಬರೆದುಕೊಂಡು ಹೋದರು. ಓದಲೂ ಧೈರ್ಯ ಸಾಲದೆ ಇನ್ನೊಬ್ಬರು ಓದಿದರು. ಆ ದಿನ ಅವರ ಪಕ್ಷಕ್ಕೆ ಸೋಲಾಯಿತು. ಮಾತು ಬಾರದವನಿಗೆ ನಿಲುವೂ ಇರುವುದಿಲ್ಲವೆಂದು ತಿಳಿಯುವ ನಮ್ಮ ಉಪಾಧ್ಯಾಯ ಬಂಧುಗಳಿಗೆ ನಾನು ಈ ಪ್ರಸಂಗವನ್ನು ಎಷ್ಟೋ ಸಲ ಹೇಳಿದ್ದೇನೆ.

1891ರ ಜೂನ್ 10ರಂದು ಬ್ಯಾರಿಸ್ಟರಾಗಿ, 12ರಂದು ಸ್ವದೇಶಕ್ಕೆ ಹೊರಟರು. ಹಿಂದಿರುಗಿದ ಮೇಲೆ ಮುಂಬಯಿಯ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ಮೊದಲ ಮೊಕದ್ದಮೆ, ಮೂವತ್ತು ರೂಪಾಯಿ ಫೀಜು. ಪಾಟೀಸವಾಲಿಗೆಂದು ಎದ್ದುನಿಂತರು, ತಲೆ ಸುತ್ತಿತು, ಒಂದು ಪ್ರಶ್ನೆಯೂ ಹೊಳೆಯದೆ ಕುಳಿತುಬಿಟ್ಟರು. ಆ ಮೊಕದ್ದಮೆಯನ್ನು ಐವತ್ತೊಂದು ರೂಪಾಯಿಗೆ ಬೇರೊಬ್ಬ ವಕೀಲರು ನಡೆಸಿದರು.