ಸಹಿ ಹಾಕದವರನ್ನೂ ಕಟ್ಟುವ ಒಡಂಬಡಿಕೆ

ಬೈಬಲ್ಲಿನ ಎರಡು ಭಾಗಗಳನ್ನು ಕನ್ನಡದಲ್ಲಿ 'ಹಳೆಯ ಒಡಂಬಡಿಕೆ', 'ಹೊಸ ಒಡಂಬಡಿಕೆ' ಎಂದು ಕರೆಯುವುದು ವಾಡಿಕೆ. ಇಂಗ್ಲಿಷಿನಲ್ಲಿ ಇವೇ ಭಾಗಗಳಿಗಿರುವ ಹೆಸರು 'ಟೆಸ್ಟಮೆಂಟ್'. ವ್ಯವಹಾರದ ಮಾತಿನಲ್ಲಿ ಅದರ ಅರ್ಥ ಉಯಿಲು, ಮರಣಶಾಸನ. ಹೀಬ್ರೂ ಮೂಲದಲ್ಲಿರುವ ಶಬ್ದ 'ಬೆರಿತ್'. ಅದನ್ನು ಗ್ರೀಕಿಗೆ ತಂದವರು ಉಯಿಲು ಎಂಬ ಅರ್ಥವೂ ಇದ್ದ 'ದಿಯಾಥೀಕೆ' ಪದವನ್ನು ಆರಿಸಿಕೊಂಡರು. ಸಮಾನರ ನಡುವಣ ಕರಾರಿಗೆ ಗ್ರೀಕಿನಲ್ಲಿ ಬೇರೆ ಪದವಿತ್ತು. ಆದರೆ ದೇವರಿಗೂ ಮನುಷ್ಯನಿಗೂ ಸಮಾನತೆ ಎಲ್ಲಿಯದು ಎಂಬ ಅಳುಕು ಅವರನ್ನು ತಡೆದಿರಬೇಕು. ಲ್ಯಾಟಿನ್, ಅದರ ಹಿಂದೆ ಇಂಗ್ಲಿಷ್, ಅದೇ ದಾರಿ ಹಿಡಿದವು. ಈ ದೃಷ್ಟಿಯಿಂದ ಕನ್ನಡದ ಪದವೇ ಮೂಲಕ್ಕೆ ಹೆಚ್ಚು ಹತ್ತಿರ. ಉಯಿಲು ಒಬ್ಬನ ಇಚ್ಛೆ. ಬೆರಿತ್‌ಗೆ ಎರಡು ಪಕ್ಷಗಳು ಬೇಕು.

ಹಾಗೆಂದು ಒಡಂಬಡಿಕೆ ಎಂದರೆ ಬರೀ ಕರಾರಲ್ಲ. ಮನೆ ಬಾಡಿಗೆಯ ಕರಾರು ವಾಯಿದೆ ಮುಗಿದೊಡನೆ ಮುಗಿಯುತ್ತದೆ. ಅದರಲ್ಲಿ ಸೇರದ ಮೂರನೆಯವನಿಗೆ ಅದರ ಗೊಡವೆಯಿಲ್ಲ. ಒಡಂಬಡಿಕೆಯ ಮಾತೇ ಬೇರೆ. ಅದು ಸ್ಥಳದಲ್ಲಿ ಇಲ್ಲದವರನ್ನೂ, ಇನ್ನೂ ಹುಟ್ಟದವರನ್ನೂ ಕಟ್ಟಿಹಾಕುತ್ತದೆ. ಬೈಬಲ್ಲಿನ ಧರ್ಮೋಪದೇಶಕಾಂಡದಲ್ಲಿ ಮೋಶೆ ಜನರಿಗೆ ಇದನ್ನು ಬಿಡಿಸಿ ಹೇಳುತ್ತಾನೆ: ಈ ಒಡಂಬಡಿಕೆ ಇಂದು ಇಲ್ಲಿ ನಿಂತಿರುವವರೊಡನೆ ಮಾತ್ರವಲ್ಲ, ಇಂದು ಇಲ್ಲಿ ಇಲ್ಲದವರೊಡನೆಯೂ ಆದದ್ದು. ಒಪ್ಪಿಗೆ ಕೊಡದವನನ್ನು ಒಪ್ಪಂದ ಕಟ್ಟುವುದು ಹೇಗೆ? ಧರ್ಮವೂ ಕಾನೂನೂ ಈ ಪ್ರಶ್ನೆಗೆ ತಮ್ಮ ತಮ್ಮ ರೀತಿಯಲ್ಲಿ ಉತ್ತರ ಹುಡುಕಿವೆ.

ಹೀಬ್ರೂ ಭಾಷೆಯಲ್ಲಿ ಒಡಂಬಡಿಕೆಯನ್ನು 'ಮಾಡುವುದಿಲ್ಲ', 'ಕಡಿಯುತ್ತಾರೆ'. ಈ ನುಡಿಗಟ್ಟಿನ ಹಿಂದೆ ಒಂದು ಆಚರಣೆಯಿದೆ. ಪ್ರಾಣಿಯನ್ನು ಸೀಳಿ ಹೋಳುಗಳನ್ನು ಎದುರುಬದುರಾಗಿ ಇಟ್ಟು, ಮಾತು ಕೊಡುವವರು ಅವುಗಳ ನಡುವೆ ಹಾದುಹೋಗಬೇಕು. ಮಾತಿಗೆ ತಪ್ಪಿದರೆ ತನಗೂ ಇದೇ ಗತಿ ಬರಲಿ ಎಂಬುದು ಅದರ ಅರ್ಥ. ಆದಿಕಾಂಡದಲ್ಲಿ ಅಬ್ರಾಮನು ಹೀಗೆ ಕಡಸು, ಆಡು, ಟಗರುಗಳನ್ನು ಸೀಳಿಡುತ್ತಾನೆ. ಆದರೆ ಕತ್ತಲಲ್ಲಿ ಹೋಳುಗಳ ನಡುವೆ ಹಾದುಹೋಗುವುದು ಅಬ್ರಾಮನಲ್ಲ. ಹೊಗೆಯಾಡುವ ಒಲೆ, ಉರಿಯುವ ಪಂಜು. ಅಂದರೆ ಶಪಥಕ್ಕೆ ತನ್ನನ್ನು ಒಡ್ಡಿಕೊಳ್ಳುವವನು ದೇವರೇ.

ಇದೇ ಆಚರಣೆಯ ಇನ್ನೊಂದು ಪ್ರಸಂಗ ಅಷ್ಟು ದಿವ್ಯವಾದದ್ದಲ್ಲ. ಬಾಬೆಲಿನ ಸೈನ್ಯ ಯೆರೂಸಲೇಮಿಗೆ ಮುತ್ತಿಗೆ ಹಾಕಿದ್ದಾಗ ಯೆಹೂದದ ಅರಸ ಚಿದ್ಕೀಯನು ಪಟ್ಟಣದ ಜನರೊಡನೆ ಒಂದು ಒಡಂಬಡಿಕೆ ಮಾಡಿಕೊಂಡ. ಎಲ್ಲರೂ ತಮ್ಮ ಜೀತದಲ್ಲಿರುವ ಇಬ್ರಿಯ ಗಂಡಸರು, ಹೆಂಗಸರನ್ನು ಬಿಡುಗಡೆ ಮಾಡತಕ್ಕದ್ದು. ಪ್ರಧಾನರೂ ಪ್ರಜೆಗಳೂ ಸೀಳಿದ ಕರುವಿನ ಹೋಳುಗಳ ನಡುವೆ ಹಾದುಹೋದರು, ಜೀತದಾಳುಗಳನ್ನು ಬಿಟ್ಟೂ ಬಿಟ್ಟರು. ಅಷ್ಟರಲ್ಲಿ ಈಜಿಪ್ಟಿನ ಸೈನ್ಯ ಬರುತ್ತಿದೆಯೆಂಬ ಸುದ್ದಿಗೆ ಬಾಬೆಲಿನವರು ಮುತ್ತಿಗೆ ಸಡಿಲಿಸಿದರು. ಬಿಟ್ಟವರೇ ಬಿಡುಗಡೆಯಾದವರನ್ನು ಎಳೆದು ತಂದು ಮತ್ತೆ ಜೀತಕ್ಕೆ ಹಚ್ಚಿದರು! ಪ್ರವಾದಿ ಯೆರೆಮೀಯ ಕೆರಳಿ ನುಡಿದದ್ದು ಇದಕ್ಕಾಗಿ. ನೀವು ಸಾರಿದ ಬಿಡುಗಡೆಯನ್ನೇ ನಾನು ಕತ್ತಿಗೆ, ಬರಕ್ಕೆ, ವ್ಯಾಧಿಗೆ ಸಾರುತ್ತೇನೆ ಎಂದು ದೇವರ ಹೆಸರಿನಲ್ಲಿ ಹೇಳಿದ. ಸುಮಾರು ಕ್ರಿ.ಪೂ. 586ರಲ್ಲಿ ಪಟ್ಟಣ ಬಿತ್ತು. ಪಟ್ಟಣ ಬಿದ್ದದ್ದು ಮಾತು ಮುರಿದದ್ದಕ್ಕೇ ಎಂದು ಇತಿಹಾಸ ಹೇಳಲಾರದು. ಆದರೆ ಮಾತು ಕೊಟ್ಟವನೇ ಬಲಿಷ್ಠನಾಗಿದ್ದರೆ ಅವನನ್ನು ಹಿಡಿದು ಕೇಳುವವರು ಯಾರು ಎಂಬ ಪ್ರಶ್ನೆಯನ್ನು ಆ ಜೀತದಾಳುಗಳಷ್ಟು ಸ್ಪಷ್ಟವಾಗಿ ಎತ್ತಿದವರು ಕಡಿಮೆ.

ಪ್ರಾಚೀನ ಪಶ್ಚಿಮ ಏಷ್ಯಾದ ಅರಸರು ಇದಕ್ಕೆ ಕಂಡುಕೊಂಡ ಉಪಾಯವೆಂದರೆ ದೇವತೆಗಳನ್ನೇ ಸಾಕ್ಷಿಗೆ ಕರೆಯುವುದು. ಟರ್ಕಿಯ ಬೋಗಾಜ್‌ಕೋಯ್‌ನಲ್ಲಿ ಸಿಕ್ಕ ಹಿಟ್ಟೈಟ್ ಜೇಡಿಮಣ್ಣಿನ ಹಲಗೆಗಳಲ್ಲಿ ಇಂಥ ಒಪ್ಪಂದಗಳು ಅನೇಕ. ಹಿಂದಿನ ಉಪಕಾರಗಳ ನೆನಪು, ಷರತ್ತುಗಳು, ದೇವತೆಗಳ ಪಟ್ಟಿ, ಕೊನೆಗೆ ಶಾಪ ಮತ್ತು ಆಶೀರ್ವಾದ: ಇದು ಅವುಗಳ ಸಾಮಾನ್ಯ ಕ್ರಮ. ಬೈಬಲ್ಲಿನ ಒಡಂಬಡಿಕೆಗೂ ಇದೇ ಮೈಕಟ್ಟು ಇದೆಯೆಂದು 1954ರಲ್ಲಿ ಅಮೆರಿಕದ ವಿದ್ವಾಂಸ ಜಾರ್ಜ್ ಮೆಂಡನ್‌ಹಾಲ್ ತೋರಿಸಿದ ಮೇಲೆ ವಿದ್ವಾಂಸರಲ್ಲಿ ದೊಡ್ಡ ಚರ್ಚೆಯೇ ನಡೆಯಿತು.

ಈ ಒಪ್ಪಂದಗಳಲ್ಲಿ ಒಂದು ಭಾರತೀಯರಿಗೆ ವಿಶೇಷ ಕುತೂಹಲದ್ದು. ಕ್ರಿ.ಪೂ. 14ನೆಯ ಶತಮಾನದಲ್ಲಿ ಹಿಟ್ಟೈಟ್ ದೊರೆ ಸುಪ್ಪಿಲುಲಿಯುಮ, ಮಿತಾನಿಯ ಶತ್ತಿವಾಜನೊಡನೆ ಮಾಡಿಕೊಂಡ ಒಪ್ಪಂದದ ಸಾಕ್ಷಿಗಳಲ್ಲಿ ಮಿತ್ರ, ವರುಣ, ಇಂದ್ರ, ನಾಸತ್ಯರ ಹೆಸರುಗಳಿವೆ. ಋಗ್ವೇದದ ದೇವತೆಗಳು ಸಿಂಧೂ ಕಣಿವೆಯಿಂದ ಅಷ್ಟು ದೂರದಲ್ಲಿ ಸಾಕ್ಷಿ ಕಟ್ಟೆಯಲ್ಲಿ ನಿಂತಿದ್ದಾರೆ. ಅದರಲ್ಲೂ ಮಿತ್ರ ನಿಂತಿರುವುದು ಉಚಿತವೇ. ಆ ಹೆಸರಿನ ಮೂಲಾರ್ಥವೇ ಒಪ್ಪಂದ ಎಂದು ಫ್ರೆಂಚ್ ಭಾಷಾಶಾಸ್ತ್ರಜ್ಞ ಆಂತ್ವಾನ್ ಮೆಯೆ 1907ರಲ್ಲಿ ವಾದಿಸಿದರು. ಪಾರಸಿಗಳ ಅವೆಸ್ತಾದಲ್ಲಿ ಅದೇ ಪದಕ್ಕೆ ಇಂದಿಗೂ ಆ ಅರ್ಥವುಂಟು. ಅಧರ್ಮಿಯೊಡನೆ ಆದ ಒಪ್ಪಂದವನ್ನೂ ಮುರಿಯಬಾರದೆಂದು ಅಲ್ಲಿನ ವಿಧಿ. ಕನ್ನಡದಲ್ಲಿ ಇಂದು ಮಿತ್ರನೆಂದರೆ ಗೆಳೆಯ. ಮೊದಲಿಗೆ ಅವನು ಕೊಟ್ಟ ಮಾತಿನ ಕಾವಲುಗಾರ.

ಕರ್ನಾಟಕದಲ್ಲಿ ಧರ್ಮವೂ ಕಾನೂನೂ ಒಂದೇ ಕಲ್ಲಿನ ಮೇಲೆ ಕೂಡಿದ ಒಡಂಬಡಿಕೆಯೆಂದರೆ ಶ್ರವಣಬೆಳಗೊಳದ ಶಾಸನ. ಶಕ 1290, ಅಂದರೆ ಕ್ರಿ.ಶ. 1368ರಲ್ಲಿ ಜೈನರಿಗೂ ಶ್ರೀವೈಷ್ಣವ ಭಕ್ತರಿಗೂ ಜಗಳ ಹತ್ತಿ, ತಮಗೆ ಅನ್ಯಾಯವಾಗಿದೆಯೆಂದು ಜೈನರು ವಿಜಯನಗರದ ಬುಕ್ಕರಾಯನಲ್ಲಿ ದೂರಿಕೊಂಡರು. ಅರಸ ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟ. ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿ, ಪಂಚಮಹಾವಾದ್ಯ ಮತ್ತು ಕಲಶ ಜೈನರಿಗೆ ಮೊದಲಿನಂತೆಯೇ ಸಲ್ಲಬೇಕೆಂದು ವಿಧಿಸಿದ. ಈ ತೀರ್ಪನ್ನು ನಾಡಿನ ಬಸದಿಗಳಲ್ಲೆಲ್ಲ ಶಾಸನವಾಗಿ ನಿಲ್ಲಿಸುವ ಹೊಣೆ ವೈಷ್ಣವರದು. ಜೈನರ ಮನೆಯೊಂದಕ್ಕೆ ವರ್ಷಕ್ಕೊಂದು ಹಣದಂತೆ ಎತ್ತಿ, ತಿರುಮಲೆಯ ತಾತಯ್ಯನವರು ಬೆಳಗೊಳದ ದೇವರಿಗೆ 20 ಮಂದಿ ಕಾವಲಿನವರನ್ನು ಇಡಬೇಕು. ಉಳಿದ ಹಣದಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಚಂದ್ರಸೂರ್ಯರಿರುವವರೆಗೆ ಇದು ನಡೆಯಬೇಕು. ಮಾಗಡಿ ತಾಲ್ಲೂಕಿನ ಕಲ್ಯದಲ್ಲಿಯೂ ಇದರ ಪ್ರತಿಯಿದೆ.

ಈ ಶಾಸನವನ್ನು ಮತಸಾಮರಸ್ಯದ ಮಾದರಿಯೆಂದು ಕೊಂಡಾಡುವುದುಂಟು. ಕೊಂಡಾಡಬೇಕಾದದ್ದೇ. ಆದರೂ ಒಂದು ಸೂಕ್ಷ್ಮ ಗಮನಿಸತಕ್ಕದ್ದು: ದೂರು ಕೊಟ್ಟವರೂ ಜೈನರು, ಕಾವಲಿಗೆ ಹಣ ತೆತ್ತವರೂ ಜೈನರು. ಮಾತಿನಲ್ಲಿ ಇಬ್ಬರೂ ಸಮಾನರು, ಬಲದಲ್ಲಿ ಅಲ್ಲ. ಬುಕ್ಕರಾಯನ ಜಾಣತನವಿರುವುದು ಬಲವುಳ್ಳ ಪಕ್ಷವನ್ನೇ ಕಾವಲಿಗೆ ನಿಲ್ಲಿಸಿದ್ದರಲ್ಲಿ. ಚಿದ್ಕೀಯನ ಒಡಂಬಡಿಕೆಗೆ ಅಂಥ ಕಾವಲು ಇರಲಿಲ್ಲ.

ಕಾಲಕ್ರಮದಲ್ಲಿ ದೇವತೆಗಳು ನಿಂತಿದ್ದ ಜಾಗಕ್ಕೆ ನ್ಯಾಯಾಲಯ ಬಂತು. ಆದರೆ ಹಳೆಯ ಪ್ರಶ್ನೆ ಉಳಿದೇ ಇತ್ತು. 1808ರಲ್ಲಿ ಟಲ್ಕ್ ಎಂಬಾತ ಲಂಡನ್ನಿನ ಲೆಸ್ಟರ್ ಚೌಕದ ನಡುವಣ ತೋಟವನ್ನು ಮಾರುವಾಗ, ಕೊಂಡವನೂ ಅವನ ವಾರಸುದಾರರೂ ಅಲ್ಲಿ ಕಟ್ಟಡ ಎಬ್ಬಿಸದೆ ತೋಟವಾಗಿಯೇ ಇಡಬೇಕೆಂದು ಕ್ರಯಪತ್ರದಲ್ಲಿ ಬರೆಸಿದ. ಕೈಯಿಂದ ಕೈಗೆ ದಾಟಿ ಜಾಗ ಮೊಕ್ಸೆ ಎಂಬವನಿಗೆ ಬಂತು. ಅವನ ಪತ್ರದಲ್ಲಿ ಈ ಷರತ್ತು ಇರಲಿಲ್ಲ, ಆದರೆ ಸಂಗತಿ ಅವನಿಗೆ ಗೊತ್ತಿತ್ತು. ಕಟ್ಟಡ ಕಟ್ಟಲು ಹೊರಟಾಗ 1848ರಲ್ಲಿ ಲಾರ್ಡ್ ಚಾನ್ಸಲರ್ ಕಾಟನ್‌ಹ್ಯಾಂ ತಡೆದರು. ಷರತ್ತು ತಿಳಿದೇ ಕೊಂಡವನು ಅದಕ್ಕೆ ಬದ್ಧ. ಇಲ್ಲವಾದರೆ ಷರತ್ತಿನ ಕಾರಣ ಕಡಿಮೆ ಬೆಲೆಗೆ ಕೊಂಡ ಜಮೀನನ್ನು ಮಾರನೆಯ ದಿನವೇ ಹೆಚ್ಚಿನ ಬೆಲೆಗೆ ಮಾರಿಬಿಡಬಹುದಲ್ಲ! ತೋಟ ಇಂದಿಗೂ ಇದೆ. ಭಾರತದ 1882ರ ಸ್ವತ್ತು ವರ್ಗಾವಣೆ ಕಾಯಿದೆಯ 40ನೆಯ ವಿಧಿಯಲ್ಲಿರುವುದು ಇದೇ ತತ್ತ್ವ.

ತೋಟ ಉಳಿಸಿದ ಈ ಉಪಾಯದಿಂದಲೇ ಮನುಷ್ಯರನ್ನು ಹೊರಗಿಡಲೂ ಸಾಧ್ಯವಾಯಿತು. ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ 1911ರಲ್ಲಿ ಒಂದು ಬೀದಿಯ 39 ಮನೆಯೊಡೆಯರಲ್ಲಿ 30 ಮಂದಿ ಸಹಿ ಹಾಕಿ, 50 ವರ್ಷಗಳವರೆಗೆ ಕಪ್ಪುಜನರೂ ಮಂಗೋಲ್ ಜನಾಂಗದವರೂ ಅಲ್ಲಿ ವಾಸಿಸಕೂಡದೆಂದು ಪತ್ರ ಮಾಡಿಕೊಂಡರು. 1945ರಲ್ಲಿ ಶೆಲ್ಲಿ ಎಂಬ ಕಪ್ಪು ಕುಟುಂಬ ಅಲ್ಲೊಂದು ಮನೆ ಕೊಂಡಿತು. ಮೊಕ್ಸೆಗೆ ಷರತ್ತು ಗೊತ್ತಿತ್ತು; ಇವರಿಗೆ ಗೊತ್ತೇ ಇರಲಿಲ್ಲ. ಕ್ರೇಮರ್ ದಂಪತಿ ದಾವೆ ಹೂಡಿದರು, ಮಿಸ್ಸೂರಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಅವರ ಪರವಾಗಿ ತೀರ್ಪಿತ್ತಿತು. 1948ರ ಮೇ 3ರಂದು ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಅದರ ತರ್ಕ ವಿಚಿತ್ರವಾದರೂ ಹರಿತ: ನೆರೆಹೊರೆಯವರು ತಮ್ಮತಮ್ಮೊಳಗೆ ಇಂಥ ಒಪ್ಪಂದ ಮಾಡಿಕೊಂಡರೆ ಸಂವಿಧಾನ ಅಡ್ಡಬಾರದು; ಆದರೆ ಅದನ್ನು ಜಾರಿಗೆ ತರಲು ನ್ಯಾಯಾಲಯ ಕೈಜೋಡಿಸಕೂಡದು, ಏಕೆಂದರೆ ನ್ಯಾಯಾಲಯದ ಕೈ ಸರ್ಕಾರದ ಕೈ. ಸಾಕ್ಷಿಯೇ ಎದ್ದುಹೋದಂತಾಯಿತು. ಮನೆ ಮಾರಾಟ, ಬಾಡಿಗೆಗಳಲ್ಲಿ ಜನಾಂಗಭೇದವನ್ನು ಅಮೆರಿಕದ ಕಾನೂನು ವ್ಯಾಪಕವಾಗಿ ನಿಷೇಧಿಸಿದ್ದು 1968ರಲ್ಲಿ.

ಭಾರತದ ಸುಪ್ರೀಂ ಕೋರ್ಟಿನ ಮುಂದೆ 2005ರಲ್ಲಿ ಇದನ್ನೇ ಹೋಲುವ ಪ್ರಕರಣ ಬಂತು. ಗುಜರಾತಿನ ಪಾರಸಿ ಸಹಕಾರ ಗೃಹನಿರ್ಮಾಣ ಸಂಘವೊಂದರ ಉಪವಿಧಿಯ ಪ್ರಕಾರ ಪಾರಸಿಗಳು ಮಾತ್ರ ಸದಸ್ಯರಾಗಬಹುದಿತ್ತು. ತಂದೆಯ ನಂತರ ಸದಸ್ಯನಾದವನೊಬ್ಬ ಹೊರಗಿನವರಿಗೂ ಮಾರಲು ಬಯಸಿದ. ಸಂವಿಧಾನದ ಸಮಾನತೆಯ ಕಟ್ಟಳೆ ಇರುವುದು ಸರ್ಕಾರಕ್ಕೆ, ಸ್ವಇಚ್ಛೆಯಿಂದ ಕೂಡಿದ ಸಂಘಕ್ಕಲ್ಲ ಎಂದು ನ್ಯಾಯಾಲಯ ಉಪವಿಧಿಯನ್ನು ಎತ್ತಿಹಿಡಿಯಿತು. ಅಮೆರಿಕದ ನ್ಯಾಯಾಲಯ ಹಿಂದೆಗೆದ ಕೈಯನ್ನು ಇಲ್ಲಿಯ ನ್ಯಾಯಾಲಯ ಚಾಚಿತು. ಸಂಘ ಕಟ್ಟಿದವರು ಸ್ವಇಚ್ಛೆಯಿಂದ ಕೂಡಿದ್ದು ನಿಜ. ಮಗನಿಗೆ ಬಂದದ್ದು ಮಾತ್ರ ತಂದೆಯ ಒಪ್ಪಿಗೆ.