ಛದ (ಗಂಜೀಫಾ ಆಟ)

ಛದ ಎಂಬುದು ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರು ಅರಮನೆಯಲ್ಲಿ ರೂಪುಗೊಂಡ ಗಂಜೀಫಾ ಎಲೆಯಾಟಗಳ ಒಂದು ವರ್ಗ. ಮುಮ್ಮಡಿ ಕೃಷ್ಣರಾಜ ಒಡೆಯರ್ (1794–1868) ಇವುಗಳ ನಿರ್ಮಾತೃ. ದೇವತೆಗಳು, ಗ್ರಹಗಳು ಹಾಗೂ ಪುರಾಣಪುರುಷರು ಈ ಆಟಗಳ ಪಾತ್ರಗಳಾಗಿದ್ದಾರೆ. ಸಂಸ್ಕೃತದಲ್ಲಿ ‘ಛದ’ ಎಂದರೆ ಎಲೆ. ಕನ್ನಡದಲ್ಲಿಯೂ ಇಸ್ಪೀಟನ್ನು ಎಲೆಯೆಂದೇ ಕರೆಯುವ ರೂಢಿಯಿದೆ.

ಹಿನ್ನೆಲೆ

ಗಂಜೀಫಾ ಪರ್ಷಿಯಾದಿಂದ ಭಾರತಕ್ಕೆ ಬಂದ ಆಟ. ಬಾಬರನು 1527ರಲ್ಲಿ ಸಿಂಧ್ ಪ್ರಾಂತಕ್ಕೆ ಗಂಜೀಫಾ ಎಲೆಗಳನ್ನು ಕಳುಹಿಸಿದ ಉಲ್ಲೇಖ ಅವನ ಆತ್ಮಕಥೆಯಲ್ಲಿದೆ. ಮೊಗಲರ ಕಾಲದಲ್ಲಿ 8 ಪಂಗಡಗಳ 96 ಎಲೆಗಳ ಕಟ್ಟು ಪ್ರಚಾರಕ್ಕೆ ಬಂದಿತು. ಕಿರೀಟ, ಖಡ್ಗ, ನಾಣ್ಯ ಮುಂತಾದ ಆಸ್ಥಾನದ ಚಿಹ್ನೆಗಳ ಸ್ಥಾನದಲ್ಲಿ ವಿಷ್ಣುವಿನ ಅವತಾರಗಳು ಬಂದಾಗ ದಶಾವತಾರ ಗಂಜೀಫಾ ಹುಟ್ಟಿತು.

ದಶಾವತಾರ ಗಂಜೀಫಾ

ಇದರಲ್ಲಿ 10 ಪಂಗಡಗಳಿದ್ದು, ಪ್ರತಿಯೊಂದರಲ್ಲಿ ರಾಜ, ಮಂತ್ರಿ ಹಾಗೂ ಒಂದರಿಂದ ಹತ್ತರವರೆಗಿನ ಅಂಕಿಯ ಎಲೆಗಳು, ಒಟ್ಟು 120 ಎಲೆಗಳಿರುತ್ತವೆ. ಮತ್ಸ್ಯಕ್ಕೆ ಮೀನು, ಕೂರ್ಮಕ್ಕೆ ಆಮೆ, ಪರಶುರಾಮನಿಗೆ ಕೊಡಲಿ ಎಂಬಂತೆ ಚಿಹ್ನೆಗಳಿವೆ. ಅರ್ಧದಷ್ಟು ಪಂಗಡಗಳಲ್ಲಿ ಅಂಕಿಯ ಎಲೆಗಳ ಪೈಕಿ ಹತ್ತು ಹೆಚ್ಚಿನದಾದರೆ, ಉಳಿದವುಗಳಲ್ಲಿ ಒಂದೇ ಹೆಚ್ಚಿನದು. ಸಾಮಾನ್ಯವಾಗಿ ಮೂವರು ಆಡುವ ಈ ಆಟವನ್ನು ಹಗಲಿನಲ್ಲಿ ರಾಮನ ಎಲೆ ಪಡೆದವರು, ರಾತ್ರಿಯಲ್ಲಿ ಕೃಷ್ಣನ ಎಲೆ ಪಡೆದವರು ಆರಂಭಿಸುತ್ತಾರೆ. ಇಲ್ಲಿ ತುರುಫು ಇಲ್ಲದ ಕಾರಣ, ಬಿದ್ದುಹೋದ ಎಲೆಗಳ ನೆನಪೇ ಆಟಗಾರನ ಮುಖ್ಯ ಬಲ.

ಮೈಸೂರಿನ ಛದಗಳು

1831ರಲ್ಲಿ ಬ್ರಿಟಿಷರು ಆಡಳಿತವನ್ನು ತಮ್ಮ ವಶಕ್ಕೆ ತೆಗೆದುಕೊಂಡ ನಂತರವೂ ಮುಮ್ಮಡಿಯವರ ಆಸ್ಥಾನವು ಸಾಹಿತ್ಯ, ಚಿತ್ರಕಲೆ ಹಾಗೂ ಕ್ರೀಡೆಗಳ ಕೇಂದ್ರವಾಗಿಯೇ ಉಳಿಯಿತು. ಅವರ ಹೆಸರಿನಲ್ಲಿರುವ ಸಚಿತ್ರ ಗ್ರಂಥ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿಯಲ್ಲಿ ಹದಿಮೂರು ಛದಗಳ ವಿವರಣೆಯಿದೆ. ಚಾಮುಂಡೇಶ್ವರಿ ಛದ, ಜಗನ್ಮೋಹನ ಛದ, ನವಗ್ರಹ ಛದ, ಪಂಚಪಾಂಡವ ಛದ ಇವುಗಳಲ್ಲಿ ಕೆಲವು.

ಛದಗಳು ಹಳೆಯ ಗಂಜೀಫಾಕ್ಕಿಂತ ಜಟಿಲವಾದವು. ಸಾಮಾನ್ಯವಾಗಿ ಒಂದು ಪಂಗಡದಲ್ಲಿ 12 ಅಂಕಿಯ ಎಲೆಗಳೂ 6 ಪಾತ್ರದ ಎಲೆಗಳೂ ಇರುತ್ತವೆ. ಕೆಲವು ಆಟಗಳಲ್ಲಿ 18 ಪಂಗಡಗಳಿದ್ದು, ಎಲೆಗಳ ಸಂಖ್ಯೆ 360ರವರೆಗೂ ಏರುತ್ತದೆ. ಶಾಶ್ವತ ತುರುಫುಗಳು ಹಾಗೂ ಜೋಕರಿನಂತೆ ಬಳಕೆಯಾಗುವ ಎಲೆಗಳೂ ಉಂಟು. ಆಟಗಾರನು ಸ್ವತಃ ವೇಷ ಧರಿಸುವುದಿಲ್ಲ. ಪಾತ್ರವನ್ನು ವಹಿಸುವುದು ಅವನ ಕೈಯಲ್ಲಿರುವ ಎಲೆ.

ತಯಾರಿಕೆ

ಗಂಜೀಫಾ ಎಲೆಗಳು ಹೆಚ್ಚಾಗಿ ದುಂಡಾಗಿದ್ದು, ಕೈಯಿಂದಲೇ ಚಿತ್ರಿಸಲ್ಪಡುತ್ತವೆ. ದಂತ, ಆಮೆಯ ಚಿಪ್ಪಿನಂತಹ ಬೆಲೆಬಾಳುವ ವಸ್ತುಗಳಲ್ಲಿ ಸಿರಿವಂತರಿಗಾಗಿ ಮಾಡಿದವು ‘ದರ್ಬಾರ್ ಕಲಂ’. ಕಾಗದ, ಬಟ್ಟೆ ಮೊದಲಾದ ಅಗ್ಗದ ವಸ್ತುಗಳಿಂದ ಜನಸಾಮಾನ್ಯರಿಗಾಗಿ ಮಾಡಿದವು ‘ಬಜಾರ್ ಕಲಂ’.

ಅವನತಿ ಮತ್ತು ಪ್ರಸ್ತುತ ಸ್ಥಿತಿ

ನೂರಾರು ಎಲೆಗಳನ್ನು ಒಂದೊಂದಾಗಿ ಚಿತ್ರಿಸಬೇಕಾದ ಛದದ ವೆಚ್ಚವು ಅರಮನೆಯ ಹೊರಗಿನವರ ಅಳವಿಗೆ ಮೀರಿದ್ದಾಗಿತ್ತು. ಆದ್ದರಿಂದ ಅದು ಜನಬಳಕೆಗೆ ಬರಲಿಲ್ಲ. ಅಚ್ಚಿನ 52 ಎಲೆಗಳ ಇಸ್ಪೀಟು ಸುಲಭವಾಗಿ ದೊರೆಯತೊಡಗಿದ ಮೇಲೆ ಸಾಮಾನ್ಯ ಗಂಜೀಫಾ ಕೂಡ ಮರೆಯಾಯಿತು. ಗಂಜೀಫಾ ಚಿತ್ರಕಲೆಯ ಪುನರುಜ್ಜೀವನಕ್ಕಾಗಿ ಶ್ರೀರಂಗಪಟ್ಟಣದ ಕಲಾವಿದ ರಘುಪತಿ ಭಟ್ಟರು ಶ್ರಮಿಸಿದ್ದಾರೆ. ಮೈಸೂರು ಗಂಜೀಫಾ ಎಲೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಆದರೆ ಈ ಎಲೆಗಳು ಇಂದು ಬಹುಮಟ್ಟಿಗೆ ಸಂಗ್ರಹಾಲಯದ ವಸ್ತುಗಳಾಗಿ, ಗೋಡೆಯ ಅಲಂಕಾರವಾಗಿ ಉಳಿದಿವೆ. ಚಿತ್ರಿಸುವ ಕೈಗಳಿಗಿಂತಲೂ ಆಡಬಲ್ಲ ಕೈಗಳು ವಿರಳವಾಗಿವೆ.