ಗನ್‌ಫೌಂಡ್ರಿಯ ದೇವಾಲಯ: ನೋಡಲು ಹೋಗುವವರಿಗೆ ನಾಲ್ಕು ಮಾತು

ಸುಲ್ತಾನ್ ಬಜಾರು, ಕೋಠಿ, ಕಾಚಿಗುಡ ಭಾಗಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಗನ್‌ಫೌಂಡ್ರಿ ದೂರವೇನಲ್ಲ. ಊರಿನಿಂದ ನೆಂಟರು ಬಂದಾಗ ಚಾರ್‌ಮಿನಾರ್, ಸಾಲಾರ್‌ಜಂಗ್ ವಸ್ತುಸಂಗ್ರಹಾಲಯಗಳ ಜೊತೆಗೆ ಅಲ್ಲಿನ ಸಂತ ಜೋಸೆಫರ ಪ್ರಧಾನ ದೇವಾಲಯವನ್ನೂ ತೋರಿಸಿಕೊಂಡು ಬರುವವರುಂಟು. ಇದು ಒಳ್ಳೆಯದೇ. ಆದರೆ ಆ ಸ್ಥಳದ ಹಿನ್ನೆಲೆಯನ್ನು ಸ್ವಲ್ಪ ತಿಳಿದು ಹೋದರೆ ಅಲ್ಲಿ ಹೇಗೆ ನಡೆದುಕೊಳ್ಳಬೇಕೆಂಬುದು ತಾನಾಗಿಯೇ ಹೊಳೆಯುತ್ತದೆ.

ನಮ್ಮ ಸುಲ್ತಾನ್ ಬಜಾರಿನ ಹಳೆಯ ಹೆಸರು ರೆಸಿಡೆನ್ಸಿ ಬಜಾರು. ಬ್ರಿಟಿಷ್ ರೆಸಿಡೆಂಟನ ಅಧೀನದಲ್ಲಿದ್ದ ಈ ಪೇಟೆ 1933ರಲ್ಲಿ ನಿಜಾಮರ ಆಡಳಿತಕ್ಕೆ ಮರಳಿತು. ಗನ್‌ಫೌಂಡ್ರಿಯ ಹೆಸರಾದರೋ ಇನ್ನೂ ಹಿಂದಿನದು. ನಿಜಾಮ್ ಅಲಿ ಖಾನನ ಸೇವೆಯಲ್ಲಿದ್ದ ಫ್ರೆಂಚ್ ಸೇನಾನಿ ರೇಮಂಡ್ ಅಲ್ಲಿ ತೋಪುಗಳನ್ನು ಎರಕ ಹೊಯ್ಯಿಸುತ್ತಿದ್ದನು. ಜನರು ಆ ಸ್ಥಳವನ್ನು ‘ತೋಪ್ ಕಾ ಸಾಂಚಾ’ ಎಂದು ಕರೆದರು. ರೇಮಂಡ್ 1798ರಲ್ಲಿ ತೀರಿಕೊಂಡನು. ಸುಮಾರು ಎಪ್ಪತ್ತು ವರ್ಷಗಳ ತರುವಾಯ ಇಟಲಿಯ ಧರ್ಮಗುರು ತಾಲ್ಯಾಬುವೆ ಅವರು ಇದೇ ಬಡಾವಣೆಯಲ್ಲಿ ನೆಲ ಕೊಂಡರು. 1870ರಲ್ಲಿ ದೇವಾಲಯಕ್ಕೆ ಅಸ್ತಿಭಾರ ಹಾಕಲಾಯಿತು. 1875ರಲ್ಲಿ ಅಲ್ಲಿ ಕ್ರಿಸ್ಮಸ್ ಪೂಜೆ ನಡೆಯಿತು. ಮುಂದೆ ಜೋಡಿ ಗೋಪುರಗಳೆದ್ದವು, ಇಟಲಿಯಿಂದ ತರಿಸಿದ ಗಂಟೆಗಳು ಅವುಗಳಿಗೇರಿದವು. ಇದೆಲ್ಲ ಮುಸಲ್ಮಾನ ದೊರೆಯ ರಾಜ್ಯದಲ್ಲಿ ನಡೆಯಿತೆಂಬುದನ್ನು ನೆನೆಯಬೇಕು. ನಮ್ಮ ಮೈಸೂರಿನ ಸಂತ ಫಿಲೋಮಿನಾ ದೇವಾಲಯಕ್ಕೆ 1933ರಲ್ಲಿ ಶಂಕುಸ್ಥಾಪನೆ ಮಾಡಿದವರು ನಾಲ್ವಡಿ ಕೃಷ್ಣರಾಜ ಒಡೆಯರು. ಅನ್ಯಮತದ ಆಲಯವನ್ನು ಗೌರವಿಸುವುದು ನಮಗೆ ಹೊಸ ಪಾಠವಲ್ಲ.

ಆದರೂ ತಪ್ಪುಗಳಾಗುತ್ತವೆ. ಕಟ್ಟಡ ಹಳೆಯದೆಂದ ಮಾತ್ರಕ್ಕೆ ಅದನ್ನು ವಸ್ತುಸಂಗ್ರಹಾಲಯವೆಂದು ಭಾವಿಸುವುದು ಮೊದಲನೆಯ ತಪ್ಪು. ಗೋಲ್ಕೊಂಡದಲ್ಲಿ ಚಪ್ಪಾಳೆ ತಟ್ಟಿ ಪ್ರತಿಧ್ವನಿ ಕೇಳಬಹುದು, ಇಲ್ಲಿ ಹಾಗಲ್ಲ. ಇಲ್ಲಿ ಇಂದಿಗೂ ಪೂಜೆ ನಡೆಯುತ್ತದೆ, ಮೂಲೆಯ ಬೆಂಚಿನಲ್ಲಿ ಯಾರೋ ಒಬ್ಬರು ತಮ್ಮ ದುಃಖವನ್ನು ದೇವರ ಮುಂದಿಟ್ಟು ಮೊಣಕಾಲೂರಿರುತ್ತಾರೆ. ಅವರ ಮುಂದೆ ನಿಂತು ಮೊಬೈಲಿನಲ್ಲಿ ಚಿತ್ರ ತೆಗೆಯುವುದು ಸರಿಯಲ್ಲ.

ಎರಡನೆಯ ತಪ್ಪಿಗೆ ಒಂದು ಪದವೇ ಕಾರಣವೆನ್ನಬಹುದು. ಪೂಜೆಯ ಕೊನೆಯ ಭಾಗದಲ್ಲಿ ಗುರುಗಳು ಭಕ್ತರಿಗೆ ಬಿಲ್ಲೆಯಂಥ ಚಿಕ್ಕ ರೊಟ್ಟಿಯನ್ನು ಕೊಡುತ್ತಾರೆ. ಕನ್ನಡ ಕಥೋಲಿಕರು ಇದನ್ನು ‘ಪರಮಪ್ರಸಾದ’ ಎನ್ನುತ್ತಾರೆ. ಪ್ರಸಾದವೆಂದೊಡನೆ ನಮ್ಮವರ ಕೈ ತಾನಾಗಿ ಮುಂದೆ ಬರುತ್ತದೆ. ಬೇಡವೆನ್ನುವುದು ಅಪಚಾರವೆಂದು ನಾವು ಕಲಿತಿದ್ದೇವೆ. ಆದರೆ ಇದು ಬಂದವರಿಗೆಲ್ಲ ಹಂಚುವ ಪ್ರಸಾದವಲ್ಲ. ಪೂಜೆಯಲ್ಲಿ ಆ ರೊಟ್ಟಿ ಕ್ರಿಸ್ತನ ಶರೀರವೇ ಆಗುತ್ತದೆಂಬುದು ಅವರ ನಂಬಿಕೆ. ಜ್ಞಾನಸ್ನಾನ ಪಡೆದು, ಉಪದೇಶ ಕಲಿತು, ಮನಸ್ಸನ್ನು ಸಿದ್ಧಪಡಿಸಿಕೊಂಡ ಕಥೋಲಿಕರು ಮಾತ್ರ ಅದನ್ನು ಸ್ವೀಕರಿಸುತ್ತಾರೆ. ದೀಕ್ಷೆಯಿಂದ ಬಂದ ಇಷ್ಟಲಿಂಗವನ್ನು ಪರರು ಕೈಗೆತ್ತಿಕೊಳ್ಳುವುದಿಲ್ಲ. ಇದೂ ಹಾಗೆಯೇ ಎಂದುಕೊಂಡರೆ ಅರ್ಥವಾದೀತು. ತಿಳಿಯದೆ ಸಾಲಿನಲ್ಲಿ ನಿಂತು, ಪಡೆದದ್ದನ್ನು ಮನೆಯವರಿಗೆಂದು ಜೇಬಿಗೆ ಹಾಕಿಕೊಂಡರೆ ಭಕ್ತರ ಮನಸ್ಸು ಎಷ್ಟು ನೋಯುತ್ತದೆಂಬುದನ್ನು ಊಹಿಸಿ. ಅಂಥ ಸಮಯದಲ್ಲಿ ಸುಮ್ಮನೆ ಕುಳಿತಿರುವುದೇ ಮರ್ಯಾದೆ.

ಉಳಿದವು ಸಣ್ಣ ಸಂಗತಿಗಳು. ಪೂಜೆಯಿಲ್ಲದ ವೇಳೆಯಲ್ಲಿ ಹೋಗುವುದು ಮೇಲು. ಪೂಜೆ ನಡೆಯುತ್ತಿದ್ದರೆ ಹಿಂದಿನ ಬೆಂಚಿನಲ್ಲಿ ಕುಳಿತು, ಎಲ್ಲರೂ ಎದ್ದಾಗ ಎದ್ದರೆ ಸಾಕು. ಮೊಣಕಾಲೂರಲು, ಶಿಲುಬೆಯ ಗುರುತು ಹಾಕಿಕೊಳ್ಳಲು ಯಾರೂ ಒತ್ತಾಯಿಸುವುದಿಲ್ಲ. ಅನುಕರಿಸಿ ನಟಿಸುವುದೂ ಬೇಡ. ಗಂಡಸರು ಟೋಪಿ ತೆಗೆಯಬೇಕು. ನಮ್ಮ ದೇವಸ್ಥಾನಕ್ಕೆ ಹೋಗುವಾಗ ಉಡುವ ಬಟ್ಟೆ ಇಲ್ಲಿಗೂ ಒಪ್ಪುತ್ತದೆ. ಚಪ್ಪಲಿಯ ವಿಷಯದಲ್ಲಿ ಊರಿಗೊಂದು ಪದ್ಧತಿ. ಬಾಗಿಲಲ್ಲಿ ಇತರರು ಮಾಡಿದಂತೆ ಮಾಡಿ. ಬಲಿಪೀಠದ ಮೆಟ್ಟಿಲು ಹತ್ತಬಾರದು. ಅದು ಅವರ ಗರ್ಭಗುಡಿಯೆಂದು ತಿಳಿಯಿರಿ. ಸದಾ ಉರಿಯುವ ದೀಪದ ಬಳಿಯ ಪೆಟ್ಟಿಗೆಯಲ್ಲಿ ಪರಮಪ್ರಸಾದವಿರುತ್ತದೆ. ಅದರ ಹತ್ತಿರ ಹರಟೆ ಬೇಡ. ಪಾಪನಿವೇದನೆಯ ಗೂಡಿನೊಳಗೆ ಮಕ್ಕಳು ಆಟಕ್ಕೆಂದು ನುಗ್ಗದಂತೆ ನೋಡಿಕೊಳ್ಳಿ. ಮೇಣದ ಬತ್ತಿಯನ್ನು ಅದಕ್ಕಾಗಿ ಇಟ್ಟ ಜಾಗದಲ್ಲಿ ಮಾತ್ರ ಹಚ್ಚಿ. ಚಿತ್ರ ತೆಗೆಯುವ ಮೊದಲು ಅಲ್ಲಿದ್ದವರನ್ನು ಕೇಳಿ.

ನಾವೂ ಈ ನಗರಕ್ಕೆ ಹೊರಗಿನಿಂದ ಬಂದವರು. ನಮ್ಮ ಹಬ್ಬ, ಭಜನೆ, ಆರಾಧನೆಗಳನ್ನು ನೋಡಲು ಬರುವ ನೆರೆಯವರು ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು, ದನಿ ತಗ್ಗಿಸಿದರೆ ನಮಗೆ ಎಷ್ಟು ಸಂತೋಷವಾಗುತ್ತದೆ! ಆ ಸಂತೋಷವನ್ನು ಇನ್ನೊಬ್ಬರಿಗೂ ಕೊಡುವುದು ಕಷ್ಟವಲ್ಲ. ನಾವು ಹೇಗೆ ನಡೆದುಕೊಳ್ಳುತ್ತೇವೆಂಬುದನ್ನು ಜೊತೆಯಲ್ಲಿರುವ ನಮ್ಮ ಮಕ್ಕಳೂ ನೋಡುತ್ತಿರುತ್ತಾರೆ.